ಕೋಕ್‌ಜಾರ್ ಕಣಿವೆಯ ಒಂದೇ ಒಂದು ಸಾವು

ವೇದಿಕೆಯ ಮೇಲಿರುವ ನಮ್ಮ ಪ್ಲೇಗ್ ತಡೆ ಕೇಂದ್ರದ ನಿರ್ದೇಶಕರೇ, ರಾಜಧಾನಿಯಿಂದ ಇಷ್ಟು ದೂರ ದಯಮಾಡಿಸಿರುವ ಉಪಮಂತ್ರಿಗಳೇ, ಬೆಟ್ಟ ಇಳಿದು ಬಂದು ಹಿಂದಿನ ಬೆಂಚುಗಳಲ್ಲಿ ಮುದುರಿ ಕೂತಿರುವ ಕುರಿಗಾಹಿ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿ ಇವೆ, ನಿಮ್ಮನ್ನು ಯಾರೂ ಕರೆಯಲಿಲ್ಲ ಎಂಬುದನ್ನು ನಾನು ನೋಡಿದ್ದೇನೆ. ಸಭಿಕರೇ,

ನನ್ನ ಹೆಗಲಿಗೆ ಕಸೂತಿಯ ನಿಲುವಂಗಿ ಹೊದಿಸಿದಿರಿ. ಸಂತೋಷ. ಮಾನಪತ್ರ ಓದಿದಿರಿ. ಅದರಲ್ಲಿ ಒಂದು ಮಾತಿದೆ: "ಬುರುಲ್ಚಾ ಅವರ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಪ್ಲೇಗಿನಿಂದ ಆದದ್ದು ಒಂದೇ ಒಂದು ಸಾವು." ಆ ಮಾತಿಗೆ ಚಪ್ಪಾಳೆ ಬಿತ್ತು. ಒಂದು ಸಾವಿಗೆ ಚಪ್ಪಾಳೆಯೇ? ಆ ಒಂದಕ್ಕೆ ಹೆಸರಿಲ್ಲವೇ?

ಹೆಸರಿದೆ. ಕನಿಶಾಯ್. ಕೋಕ್‌ಜಾರ್ ಕಣಿವೆಯ ಶರ್ಶೆನ್‌ನ ಹೆಂಡತಿ. ಮೂವತ್ತನಾಲ್ಕು ವರ್ಷ.

ಸೂರ್ ಎಂಬ ಪ್ರಾಣಿಯನ್ನು ಟೋಪಿಯ ರೂಪದಲ್ಲಷ್ಟೇ ಕಂಡಿರುವ ರಾಜಧಾನಿಯ ಅತಿಥಿಗಳಿಗೆ ಹೇಳುತ್ತೇನೆ: ಅದು ಬಿಲದಲ್ಲಿ ಬದುಕುವ, ಬೆಕ್ಕಿಗಿಂತ ದಪ್ಪನೆಯ ಜೀವ. ರೋಗ ಹತ್ತಿದ ಸೂರ್‌ನ ಚಿಗಟ ಕಚ್ಚಿದರೂ ಪ್ಲೇಗು, ಗಾಯವಾದ ಕೈಯಲ್ಲಿ ಅದರ ಚರ್ಮ ಸುಲಿದರೂ ಪ್ಲೇಗು. ನಮ್ಮ ಜನರಿಗೆ ಅದರ ಕೊಬ್ಬು ಎದೆಕೆಮ್ಮಿನ ಮದ್ದು. ಬೇಟೆಯೋ, ಕಾನೂನಿಗೆ ವಿರುದ್ಧ. ನನ್ನ ಕೆಲಸವೇನು? ಪ್ರತಿ ಬೇಸಿಗೆಯಲ್ಲೂ ಕುದುರೆಯೇರಿ ಡೇರೆಯಿಂದ ಡೇರೆಗೆ ಹೋಗಿ, ಅವರು ಕೊಟ್ಟ ಹುಳಿ ಕುದುರೆಹಾಲು ಕುಡಿದು, "ಸೂರ್ ತೂರಾಡ್ತಾ ನಡೆದ್ರೆ ನನಗೆ ಹೇಳ್ರಪ್ಪಾ" ಎಂದು ಬೇಡುವುದು.

ಒಂದು ಬೇಸಿಗೆಯಲ್ಲಿ ಶರ್ಶೆನ್ ಕುದುರೆ ಓಡಿಸಿಕೊಂಡು ಬಂದ.

"ಸುಯುಂಚು! ಬುರುಲ್ಚಕ್ಕಾ, ಸುಯುಂಚು! ಮೊದಲು ಉಡುಗೊರೆ ತೆಗಿ, ಆಮೇಲೆ ಸುದ್ದಿ!"

"ಏನೋ ಅದು, ಮಗು ಆಯ್ತಾ?"

"ಮಗೂನೂ ಇಲ್ಲ, ಮರೀನೂ ಇಲ್ಲ. ಕುಡುಕ ಸೂರ್! ಥೇಟ್ ನಮ್ಮ ಮಾವನ ಥರ ತೂರಾಡ್ತಿತ್ತು. ಹೊಡೆದು ತಂದಿದೀನಿ. ಕೈಲಿ ಮುಟ್ಟಿಲ್ಲ ಕಣಕ್ಕಾ, ನೀನು ಹೇಳಿದ ಹಾಗೆ ಕೋಲಲ್ಲೇ ಚೀಲಕ್ಕೆ ತಳ್ಳಿದೀನಿ."

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ಪ್ಲೇಗಿನ ಸುದ್ದಿಗೂ ಉಡುಗೊರೆ ಕೇಳ್ತಾನಲ್ಲಪ್ಪಾ ಇವನು!" ಎಂದರು. ಆದರೆ ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಪ್ರಯೋಗಾಲಯ ಪ್ಲೇಗು ಎಂದಿತು. ಕಣಿವೆಗೆಲ್ಲ ಚುಚ್ಚುಮದ್ದು ಹಾಕಿದೆವು, ಬಿಲಗಳಿಗೆ ಪುಡಿ ಹೊಡೆದೆವು. ಒಬ್ಬರೂ ಕಾಯಿಲೆ ಬೀಳಲಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಸುಯುಂಚು ಕೇಳಿದವನನ್ನು ಬರಿಗೈಯಲ್ಲಿ ಕಳಿಸುವ ಜನವೇ ನಾವು?

ಬರಿಗೈಯಲ್ಲೇ ಕಳಿಸಿದೆವು. ನಮ್ಮ ಫಾರಂನ ಏಳನೆಯ ಕಲಂ ಕೇಳುತ್ತದೆ: ಪ್ರಾಣಿ ಹೇಗೆ ಸಿಕ್ಕಿತು? ನಾನು ದುಂಡಗೆ ಬರೆದೆ: "ಶರ್ಶೆನ್ ಕೋವಿಯಿಂದ ಹೊಡೆದದ್ದು." ಆ ಫಾರಂನ ಮೂರನೆಯ ಪ್ರತಿ ಬೇಟೆ ಕಚೇರಿಗೆ ಹೋಗುತ್ತದೆ. ಯಾಕೆ? ಯಾವನೋ ಯಾವ ಕಾಲದಲ್ಲೋ ಹಾಗೆ ಬರೆದಿಟ್ಟ, ಅದಕ್ಕೆ. ಎಂಟು ದಿನಕ್ಕೆ ಇನ್‌ಸ್ಪೆಕ್ಟರ್ ಬಂದ. ಇಡೀ ಕಣಿವೆಯ ಮುಂದೆ ಶರ್ಶೆನ್‌ನ ಕೋವಿ ಕಿತ್ತುಕೊಂಡ, ಕುದುರೆ ಬಿಚ್ಚಿಕೊಂಡ. ಬೆಟ್ಟದಲ್ಲಿ ಕುದುರೆಯಿಲ್ಲದ ಗಂಡಸೆಂದರೆ ಏನು ಎಂಬುದು ಹಿಂದಿನ ಬೆಂಚಿನವರಿಗೆ ಗೊತ್ತು. ನಾನು ಅಲ್ಲೇ ಇದ್ದೆ. ಶರ್ಶೆನ್ ನನ್ನ ಮುಖ ನೋಡಿದ. "ಲೇ, ನಿನ್ನ ಪ್ರಾಣ ಉಳಿಸಿದವನಯ್ಯಾ ಇವನು" ಎಂದು ಇನ್‌ಸ್ಪೆಕ್ಟರನ ಎದೆಗೆ ಕೈಯಿಡಬೇಕಿತ್ತು. ನಾನು ಹೇಳಿದ್ದೇನು? "ಕಾನೂನಲ್ವಾ ತಮ್ಮಾ, ಏನ್ಮಾಡೋದು."

ಎರಡು ವರ್ಷ ಕಳೆಯಿತು. ಕನಿಶಾಯ್‌ಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಕೆಳಗಿನ ಹಳ್ಳಿಯ ವೈದ್ಯ, ಪಾಪ, ಎರಡೆರಡು ಸಲ ಕೇಳಿದ: "ಏನಮ್ಮಾ, ಸೂರ್ ಗೀರ್ ಏನಾದ್ರೂ ಸುಲಿದ್ರಾ?" ಗಂಡ ಹೆಂಡತಿ ಇಬ್ಬರೂ ಒಂದೇ ಮಾತು ಹೇಳಿದರು: "ಇಲ್ಲ, ಪಕ್ಕದ ಡೇರೆಯವರ ಕುದುರೆಯಿಂದ ಬಿದ್ದಿದ್ದು." ವೈದ್ಯ ಪೆನಿಸಿಲಿನ್ ಕೊಟ್ಟ. ಅದು ಪ್ಲೇಗಿಗೆ ನಾಟುವುದಿಲ್ಲ. ನಾಟುವ ಔಷಧ ಅದೇ ಕೋಣೆಯ ಬೀರುವಿನಲ್ಲಿತ್ತು. ಮೂರನೆಯ ದಿನ ಹೋಗಿಬಿಟ್ಟಳು.

ಡೇರೆ ಶೋಧಿಸಿದ್ದು ನಾನೇ. ಅವಳ ಹಾಸಿಗೆಯ ಕೆಳಗೆ ಮಡಿಸಿಟ್ಟ ಸೂರ್ ಚರ್ಮವಿತ್ತು, ಜೊತೆಗೆ ಅದನ್ನು ಹಿಡಿದ ತಂತಿಯ ಉರುಳು. ಶವಕ್ಕೆ ನೀರು ಹಾಕಿಸುವುದಕ್ಕೂ ನಾವು ಬಿಡಲಿಲ್ಲ. ಹೆಣ್ಣುಮಕ್ಕಳು ಹೂಜಿ ಹಿಡಿದು ದೂರದಲ್ಲಿ ನಿಂತೇ ಇದ್ದರು. ಮಣ್ಣಾದ ಮೇಲೆ ಶರ್ಶೆನ್‌ನನ್ನು ಕೇಳಿದೆ. ರೇಗಿಯೇ ಕೇಳಿದೆ: "ಸೂರ್ ಅಂತ ಒಂದು ಮಾತು ಹೇಳಿದ್ರೆ ಬದುಕ್ತಿದ್ಲಲ್ಲೋ! ಯಾಕೋ ಹೇಳಲಿಲ್ಲ?"

"ಒಂದ್ಸಲ ಹೇಳಿದ್ನಲ್ಲಕ್ಕಾ" ಎಂದ.

ಅಷ್ಟೇ. ಬೈಯಲೂ ಇಲ್ಲ.

ಈಗ ಉಪಮಂತ್ರಿಗಳ ಮುಂದೆ ಒಂದು ತಪ್ಪೊಪ್ಪಿಗೆ. ಆ ದಿನದಿಂದ ಹನ್ನೊಂದು ವರ್ಷ, ಏಳನೆಯ ಕಲಂನಲ್ಲಿ ನಾನು ಬರೆದದ್ದು ಒಂದೇ ವಾಕ್ಯ: "ದಾರಿಯಲ್ಲಿ ಸತ್ತು ಬಿದ್ದಿತ್ತು." ಎಲ್ಲವೂ ಸುಳ್ಳು. ಕೋಕ್‌ಜಾರಿನ ಸೂರ್‌ಗಳು ತಾವಾಗಿ ಸಾಯುವುದೇಕೆ ಎಂದು ಒಬ್ಬ ವಿದ್ವಾಂಸರು ಉದ್ದದ ಲೇಖನವನ್ನೇ ಬರೆದರು. ಸ್ವಾಮೀ, ಅವು ಸತ್ತದ್ದು ಗುಂಡೇಟಿಗೆ! ಆದರೆ ಜನ ಮತ್ತೆ ಚೀಲ ಹಿಡಿದು ಬರತೊಡಗಿದರು. ಮೊದಲು ಹೆದರಿ ಹೆದರಿ, ಆಮೇಲೆ ಧೈರ್ಯವಾಗಿ. ಮತ್ತೊಬ್ಬರು ಸಾಯಲಿಲ್ಲ. ನೀವು ಹೊಗಳಿದ ದಾಖಲೆ ನನ್ನ ಸತ್ಯದಿಂದ ಬಂದದ್ದಲ್ಲ, ಸುಳ್ಳಿನಿಂದ ಬಂದದ್ದು. ಸತ್ಯ ಬರೆದಾಗ ಒಬ್ಬಳು ಸತ್ತಳು. ಕಾಯಿಲೆಯ ಸುದ್ದಿ ತಂದ ಬಡವನನ್ನೇ ಕಳ್ಳನನ್ನಾಗಿ ಮಾಡುವ ಸರ್ಕಾರಕ್ಕೆ ಪ್ಲೇಗಿನ ಬಗ್ಗೆ ಮಾತಾಡಲು ಯಾವ ನೈತಿಕತೆ ಇದೆ?

ನಾಳೆ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಅವರಿಗೆ ಏನು ಹೇಳಿ ಹೋಗಲಿ? ಸುಳ್ಳು ಬರಿ ಎನ್ನಲು ಮನಸ್ಸಿಲ್ಲ, ನಿಜ ಬರಿ ಎನ್ನಲು ಧೈರ್ಯವಿಲ್ಲ. ಉಪಮಂತ್ರಿಗಳೇ, ಆ ಮೂರನೆಯ ಪ್ರತಿಯನ್ನು ನಿಲ್ಲಿಸಿ. ಅದಕ್ಕೆ ನಿಮ್ಮ ಒಂದು ಸಹಿ ಸಾಕು. ಅದಾಗದಿದ್ದರೆ ಸುಳ್ಳು ದಾಖಲೆ ಬರೆದವಳು ಇಲ್ಲೇ ನಿಂತಿದ್ದಾಳೆ, ಮೊಕದ್ದಮೆ ಹಾಕಿ. ಕಟಕಟೆಯಲ್ಲೂ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಉತ್ತರ ಕೇಳದೆ ಈ ವೇದಿಕೆ ಇಳಿಯುವುದಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ, ಇನ್ನೂ ನನ್ನನ್ನು ಡೇರೆಯೊಳಗೆ ಕರೆಯುವ ಕೋಕ್‌ಜಾರಿನ ಜನರಿಗೆ ಋಣಿ. ಶರ್ಶೆನ್, ನೀನು ಬಂದಿಲ್ಲ, ಗೊತ್ತು. ಬರಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ. ನಿನ್ನ ಕುದುರೆ ಬಿಚ್ಚಿಕೊಂಡ ದಿನ ಹೇಳದೆ ನುಂಗಿದ್ದನ್ನು ಹದಿಮೂರು ವರ್ಷ ತಡವಾಗಿ ಹೇಳಿದ್ದೇನೆ ತಮ್ಮಾ. ನಮಸ್ಕಾರ.