ಹೆಸರಿಗೆ ಹೆಸರು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಇಬ್ಬರು ಹಿರಿಯರು ಕೂತಿದ್ದರು. ಉದ್ದನೆಯವರು ಕಣ್ಣಿಗೆ ಔಷಧಿ ಬಿಡಿಸಿಕೊಂಡು ರೆಪ್ಪೆ ಮುಚ್ಚಿದ್ದರು. ಕುಳ್ಳಗಿನವರು ಅಂಚೆಯಲ್ಲಿ ಬಂದ ವಿಜ್ಞಾನ ಪತ್ರಿಕೆಯೊಂದನ್ನು ಬಿಡಿಸುತ್ತಿದ್ದರು.

“ನನ್ನ ಹೆಸರು ಬಂದಿದೆಯಾ?” ಉದ್ದನೆಯವರು ಕೇಳಿದರು.

“ಬಂದಿದೆ. ಲ್ಯಾಟಿನ್‌ನಲ್ಲಿ, ದಪ್ಪಕ್ಷರದಲ್ಲಿ.”

“ಅಂತೂ ನೀನು ಮಾತು ಉಳಿಸ್ಕೊಂಡೆ. ನಾವು ಕಂಡುಹಿಡಿದ ಹಕ್ಕಿಗೆ ನಮ್ಮ ಹೆಸರೇ ಇಟ್ಕೊಂಡ್ರೆ ಜನ ನಗ್ತಾರೆ ಅಂತ ತಾನೇ ಒಪ್ಪಂದ ಮಾಡ್ಕೊಂಡಿದ್ದು? ನಾನು ನಿಂದು ಇಡೋದು, ನೀನು ನಂದು.”

“ಮೂವತ್ತು ವರ್ಷ ಆಯ್ತು ಅಷ್ಟೆ.”

“ನಿನಗೆ ನಾನು ಕೊಟ್ಟಿದ್ದು ನೀಲಿ ಕತ್ತಿನ ಹಕ್ಕಿ. ನಂದು ಯಾವ ಬಣ್ಣ?”

“ಕಂದು.”

“ಪರವಾಗಿಲ್ಲ. ಬಾಲ ಉದ್ದ ಇದೆಯಾ?”

“ಬಾಲ ಇಲ್ಲ.”

“ರೆಕ್ಕೆ?”

ಕುಳ್ಳಗಿನವರು ಪುಟ ತಿರುವಿದರು. “ಹೊಸ ಹಕ್ಕಿ ಈಗ ಎಲ್ಲಿ ಸಿಗತ್ತೆ ಹೇಳು. ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ನನ್ನ ಹೆಸರಿನ ಹಕ್ಕಿ ಗರಿಯೊಳಗೇ ಸಿಕ್ತು.”

“ಏನು ಸಿಕ್ತು?”

“ಹೇನು. ಆದ್ರೆ ಇದುವರೆಗೂ ಯಾರೂ ನೋಡಿರದ ಜಾತಿ ಕಣಯ್ಯ.”

ಉದ್ದನೆಯವರು ರೆಪ್ಪೆ ಮುಚ್ಚಿಕೊಂಡೇ ಅವರ ಕಡೆ ತಿರುಗಿದರು.

“ನಿನ್ನ ತಲೆ ಮೇಲಿನ ಹೇನಿಗೆ ನನ್ನ ಹೆಸರು.”

“ತಲೆ ಅಲ್ಲ, ಕತ್ತು. ನೀಲಿ ಭಾಗದಲ್ಲೇ ಇರತ್ತೆ.”

“ಮನೇಲಿ ಏನಂತ ಹೇಳ್ಲಿ? ಮೊಮ್ಮಗಳು ತಾತನ ಹಕ್ಕಿ ಬಿಡಿಸ್ತೀನಿ ಅಂತ ಬಣ್ಣದ ಡಬ್ಬಿ ತಂದಿಟ್ಕೊಂಡಿದಾಳೆ.”

“ಅದರಲ್ಲಿ ಕಂದು ಇದೆ ತಾನೇ?”

ನರ್ಸ್ ಒಳಗೆ ಕರೆದರು.

“ಏಳು. ನನ್ನ ಹೆಗಲು ಹಿಡ್ಕೊ,” ಎಂದರು ಕುಳ್ಳಗಿನವರು.

ಉದ್ದನೆಯವರು ತಡಕಾಡಿ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು.

“ಆ ಹಕ್ಕಿ ಬಿಟ್ರೆ ಇದು ಬೇರೆಲ್ಲೂ ಬದುಕಲ್ಲ ಅಂತ ಬರೆದಿದೀಯಾ?”

“ಬರೆದಿದೀನಿ.”

“ಹಾಗಾದ್ರೆ ನೋಡ್ಕೊಂಡು ನಡಿ. ಎಲ್ಲಾದ್ರೂ ಬಿದ್ದುಗಿದ್ದೀಯ.”