ಎದುರುಮನೆಯ ಕೇಬಲ್

ಬ್ಯಾಟರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಟ್ಯಾಕ್ಸಿಯವಳ ಕಿವಿಗೆ, ಮೆಕ್ಯಾನಿಕ್ ಮುದುಕರೊಬ್ಬರಿಗೆ ಹೇಳುತ್ತಿದ್ದ ಮಾತು ಬಿತ್ತು.

"ಕಾರಿನ ಲೈಟ್ ಆರಿಸೋದು ಮರೀತೀರಾ, ಯಜಮಾನ್ರೇ? ಪದೇ ಪದೇ ಪೂರ್ತಿ ಇಳಿದ್ರೆ ಬ್ಯಾಟರಿ ಸತ್ತೇ ಹೋಗುತ್ತೆ."

"ಮರೆವಲ್ಲಪ್ಪ. ಬೇಕಂತಲೇ ಬಿಡ್ತಿದ್ದೆ."

"ಯಾಕೆ?"

"ಎದುರುಮನೆ ಮೇಷ್ಟ್ರು ತಮ್ಮ ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಡೋಕೆ ಕೇಬಲ್ ಹಿಡ್ಕೊಂಡು ಬರೋರು. ಗಾಡಿ ಸ್ಟಾರ್ಟ್ ಆದ್ಮೇಲೂ ಬಾನೆಟ್ಟಿಗೆ ಒರಗಿ ಹರಟೆ ಹೊಡೆಯೋರು."

"ಈಗ?"

"ಮನೆ ಖಾಲಿ ಮಾಡ್ಕೊಂಡು ಹೋದ್ರು."

ಮೆಕ್ಯಾನಿಕ್ ಒಂದು ಚಾರ್ಜರ್ ತಂದಿಟ್ಟ. "ಮನೇಲೇ ಚಾರ್ಜ್ ಮಾಡ್ಕೊಳ್ಳಿ. ಮೊದ್ಲು ಕೆಂಪು ಕ್ಲಿಪ್ಪು, ಆಮೇಲೆ ಕಪ್ಪು, ಕೊನೆಗೆ ಸ್ವಿಚ್ಚು. ಗಾಳಿ ಆಡೋ ಕಡೆ ಇಡಿ, ಹತ್ತಿರ ಬೆಂಕಿ ಬೇಡ. ಇನ್ನು ಯಾರ ಹಂಗೂ ಇರಲ್ಲ."

ಮುದುಕರು ಚಾರ್ಜರನ್ನು ಮೆಲ್ಲಗೆ ಅವನತ್ತಲೇ ಸರಿಸಿದರು.

"ಬೇಡಪ್ಪ. ಇಳಿದಾಗೆಲ್ಲ ಇಲ್ಲಿಗೇ ತರ್ತೀನಿ," ಎಂದು ಬ್ಯಾಟರಿ ಬಿಟ್ಟು ಮೆಟ್ಟಿಲಿಳಿದರು.