ಪರದೆಯಾಚೆ ಮೂರನೇ ಹಾಸಿಗೆ

ನಮ್ಮ ದೊಡ್ಡಮ್ಮನ ಮಗಳು ನರ್ಸು. ದೀಪ ಆರಿಸಬೇಡ ಅಂತ ನನ್ನ ಕೈ ಹಿಡಿದುಕೊಂಡು ಅವಳೇ ಹೇಳಿದ್ದು ಇದು.

ಆ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ನಡೆದು ಬರ್ತಿದ್ದಳು. ಆಸ್ಪತ್ರೆ ಹಿಂದೆ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಹತ್ತಿರ ಬಂದಾಗ... ಕೆಮ್ಮು. ಒಣ ಕೆಮ್ಮು, ಎರಡೇ ಸಲ. ಹಿಂದೆಯೇ ಸುಂಯ್ ಅಂತ ಉಸಿರೆಳೆದ ಸದ್ದು.

ಅಕ್ಕನ ಕಾಲು ನಿಂತೇಹೋಯಿತು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಕೆಮ್ಮುತ್ತಿದ್ದವರು ಸತ್ತು ಒಂಬತ್ತು ದಿನ ಆಗಿತ್ತು.

ಅದಕ್ಕೂ ತಿಂಗಳ ಹಿಂದೆ ಒಬ್ಬ ಡ್ರೈವರ್ ಆಸ್ಪತ್ರೆಗೆ ಬಂದಿದ್ದ. ಜ್ವರ, ಮೈತುಂಬ ದದ್ದು. ಡಾಕ್ಟರು ದಡಾರ ಅಂತ ಬರೆದಿದ್ದರು. ದಡಾರ ಗಾಳಿಯಲ್ಲೇ ಹರಡುತ್ತೆ. ಬೇರೆ ಕೋಣೆ ಬೇಕು, ಬಾಗಿಲು ಮುಚ್ಚಿರಬೇಕು. ಅಕ್ಕನಿಗೆ ಇದೆಲ್ಲ ಬಾಯಿಪಾಠ. ಆದರೆ ಆ ಕೋಣೆ ತೊಳೆದಿರಲಿಲ್ಲ, ಇವಳಿಗೆ ಮನೆಗೆ ಹೋಗುವ ಅವಸರ. ಅವನ ಮಂಚಕ್ಕೆ ಬರೀ ಮುಟ್ಟಿದರೆ ಹರಡುವ ರೋಗ ಅಂತ ತಪ್ಪು ಚೀಟಿ ತಗುಲಿಸಿ, ಕೈಗವಸಿನ ಡಬ್ಬ ಇಟ್ಟು, ಜನರಲ್ ವಾರ್ಡಿನಲ್ಲೇ ಪರದೆ ಎಳೆದಳು. ಒಂದು ರಾತ್ರಿ ತಾನೇ...

ಪರದೆಯಾಚೆ ಮೂರನೇ ಹಾಸಿಗೆಯಲ್ಲಿ ಒಬ್ಬ ಟೈಲರಮ್ಮ. ಕ್ಯಾನ್ಸರ್ ಔಷಧಿಗೆ ಬಸವಳಿದಿದ್ದ ಮೈ. ಹನ್ನೆರಡನೇ ದಿನ ಅವರಿಗೂ ಜ್ವರ, ದದ್ದು, ಕೆಮ್ಮು. ಉಳಿಯಲಿಲ್ಲ.

ಡ್ರೈವರನ್ನ ವಾರ್ಡಿನಲ್ಲೇ ಯಾಕೆ ಇಟ್ಟಿರಿ ಅಂತ ಮೇಟ್ರನ್ ಕೇಳಿದಾಗ ಅಕ್ಕ ಏನಂದಳು ಗೊತ್ತಾ? "ಕೋಣೆಗೆ ಸಾಗಿಸು ಅಂತ ಆಯಾಗೆ ಹೇಳಿದ್ದೆ." ಆಯಾ ಇವಳ ಮುಖವನ್ನೇ ನೋಡುತ್ತಾ ನಿಂತಳಂತೆ. ಅವತ್ತೇ ಅವಳ ಕೆಲಸ ಹೋಯಿತು.

"ಸಿಸ್ಟರ್..." ಆ ರಾತ್ರಿ ಬಾವಿಯ ಜಾಲರಿ ಕಡೆಯಿಂದ ಪಿಸುಮಾತು.

ಅಕ್ಕ ತಲೆಯೆತ್ತಲಿಲ್ಲ. "ನನ್ನದೇ ತಪ್ಪಮ್ಮಾ."

"ಗೊತ್ತು..." ಮತ್ತೆ ಸುಂಯ್. "ನನ್ನ ಹತ್ರ ಹೇಳಿ ಏನು ಬಂತು?"

ಅಷ್ಟೇ. ಆಮೇಲೆ ಒಂದು ಎಲೆ ಅಲ್ಲಾಡಿದ ಸದ್ದೂ ಇಲ್ಲ.

ರಾತ್ರಿಯಿಡೀ ಕೂತೇ ಇದ್ದು, ಬೆಳಗಾಗುತ್ತಲೇ ಅಕ್ಕ ಮೇಟ್ರನ್ ಮುಂದೆ ನಿಂತಳು. "ಸುಳ್ಳು ಹೇಳಿದೆ ಮೇಡಂ. ಆಯಾನ ವಾಪಸ್ ಕರೀರಿ."

ಮೇಟ್ರನ್ ಕನ್ನಡಕ ತೆಗೆದರು. "ಇದನ್ನೆಲ್ಲ ರಾತ್ರಿ ಫೋನಲ್ಲೇ ಹೇಳಿದೆಯಲ್ಲ? ಆಯಾಗೆ ಆಗಲೇ ಹೇಳಿಕಳಿಸಿದ್ದೀನಿ."

ಅಕ್ಕನನ್ನು ಮೂರು ತಿಂಗಳು ಅಮಾನತು ಮಾಡಿದರು. ಆಯಾ ವಾಪಸ್ ಬಂದಳು, ಇವಳ ಜೊತೆ ಮಾತು ಮಾತ್ರ ಇವತ್ತಿಗೂ ಇಲ್ಲ. ಅದು ಸರಿ ಅಂತಲೇ ಅಕ್ಕ ಅನ್ನುತ್ತಾಳೆ.

ಆದರೆ ಅವಳು ಫೋನ್ ಮಾಡಿರಲೇ ಇಲ್ಲ. ನಂಬಿದರೆ ನಂಬಿ, ಮೇಟ್ರನ್ ಫೋನನ್ನು ನಾನೇ ಕಣ್ಣಾರೆ ನೋಡಿದ್ದೀನಿ. ಆ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ಬಂದ ಕರೆ. ಅಕ್ಕನದೇ ನಂಬರು. ಆರು ನಿಮಿಷ.